ಕಲಿಯುವವಳ ನೂಲು

ಆ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಹಿರಿಸೊಸೆ ಹೆಣೆದ ಹೊದಿಕೆಯಲ್ಲೇ ಮೊದಲ ನಿದ್ದೆ ಮಾಡಿದವರು. ಈಗ ಬಸುರಿಯಾಗಿದ್ದ ಕಿರಿಸೊಸೆಗೆ ತನ್ನ ಕೂಸಿಗಾದರೂ ತನ್ನ ಕೈಯ ಹೊದಿಕೆಯೇ ಇರಲಿ ಎಂಬ ಆಸೆ.

"ಅಕ್ಕಾ, ನಂಗೂ ಕ್ರೋಶಾ ಹೆಣಿಗೆ ಕಲಿಸ್ಕೊಡಿ" ಎಂದು ಕೇಳಿದಾಗ ಹಿರಿಯವಳು "ಅದಕ್ಕೇನಂತೆ, ನಡಿ ಅಂಗಡಿಗೆ" ಎಂದಳು.

ಅಂಗಡಿಯಲ್ಲಿ ಕಿರಿಯವಳ ಕೈ ಕೆನೆಬಣ್ಣದ ಹತ್ತಿ ನೂಲಿನತ್ತ ಹೋಯಿತು.

"ಅಯ್ಯೋ, ಎರಡೇ ದಿನಕ್ಕೆ ಕೊಳೆಯಾಗುತ್ತೆ ಕಣೆ ಅದು!" ಹಿರಿಯವಳು ಸಿಟ್ಟಾದ ಬೆಕ್ಕಿನ ಬಾಲದಂತೆ ರೋಮ ಎದ್ದಿದ್ದ ಕಡುನೀಲಿ ಉಲ್ಲನ್ ಉಂಡೆಯನ್ನು ಎತ್ತಿಕೊಟ್ಟಳು. "ಎಷ್ಟು ಮೆತ್ತಗಿದೆ ನೋಡು. ಕಡ್ಡಿ ಸಣ್ಣದೇ ಇರ್ಲಿ, ಹೆಣಿಗೆ ಅಚ್ಚುಕಟ್ಟಾಗುತ್ತೆ."

ಅಂಗಡಿಯಾಕೆ ಏನೋ ಹೇಳಲು ಬಾಯಿ ತೆರೆದಳು. "ನೀವು ಬಿಲ್ ಮಾಡಿ" ಎಂದು ಹಿರಿಯವಳು ಮಾತು ಕತ್ತರಿಸಿದಳು.

ಕಿರಿಯವಳು ವಾರಗಟ್ಟಲೆ ಗುದ್ದಾಡಿದಳು. ಕಡ್ಡಿಯ ಕೊಕ್ಕೆಯನ್ನು ಎಲ್ಲಿ ತೂರಿಸಬೇಕೆಂಬುದೇ ಆ ರೋಮದಲ್ಲಿ ಕಾಣದು. ತಪ್ಪಿತೆಂದು ಬಿಚ್ಚಹೋದರೆ ಎಳೆಗೆ ಎಳೆ ತಬ್ಬಿಕೊಂಡು ಗಂಟು.

"ನೂಲು ಸರಿಯಿಲ್ಲವೇನೋ" ಎಂದರೆ ಅತ್ತೆ ನಕ್ಕರು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ!"

"ಬಿಡಿ ಅತ್ತೆ, ಎಲ್ಲರಿಗೂ ಇದು ಕೈಗೂಡಲ್ಲ. ಈ ಮಗೂಗೂ ನಾನೇ ಹೊದಿಕೆ ಹಾಕ್ಕೊಡ್ತೀನಿ" ಎಂದಳು ಹಿರಿಯವಳು, ಬಹಳ ಪ್ರೀತಿಯಿಂದ.

ಕಿರಿಯವಳು ಆ ಗಂಟನ್ನು ಚೀಲಕ್ಕೆ ತುರುಕಿಕೊಂಡು ಒಬ್ಬಳೇ ಅಂಗಡಿಗೆ ಹೋದಳು.

"ಇದ್ರಲ್ಲಿ ನಂಗೇ ಹೆಣಿಗೆ ತೂತು ಕಾಣಲ್ಲಮ್ಮಾ!" ಎಂದಳು ಅಂಗಡಿಯಾಕೆ. "ಕಲಿಯೋರಿಗೆ ತಿಳಿ ಬಣ್ಣ, ನುಣುಪಾದ ದಪ್ಪ ನೂಲು, ಕಡ್ಡೀನೂ ದಪ್ಪ ಇರಬೇಕು. ನಿಮ್ಮಕ್ಕಂಗೆ ಗೊತ್ತಿಲ್ವಾ? ಪಕ್ಕದ ಮನೆ ಹುಡುಗೀನ ಕರ್ಕೊಂಡು ಬಂದಾಗ ಅವರೇ ಆರಿಸಿ ಕೆನೆ ಹತ್ತಿ ಕೊಡಿಸಿದ್ರು."

ಕಿರಿಯವಳು ಹೊಸ ನೂಲು, ದಪ್ಪ ಕಡ್ಡಿ ಕೊಂಡು ಮನೆಗೆ ಬಂದಳು. ಹಿರಿಯವಳು ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಗೊತ್ತಿದ್ದೂ ಯಾಕಕ್ಕಾ?"

ಹಿರಿಯವಳು ಮಡಿಸಿದ ಟವೆಲನ್ನೇ ಬಿಡಿಸಿ ಮತ್ತೆ ಮಡಿಸಿದಳು. "ನಿಂಗೆ ಕೆಲಸ ಇದೆ, ಸಂಬಳ ಇದೆ. ನೆಂಟರು ಬಂದ್ರೆ ಅತ್ತೆ ಬಾಯಲ್ಲಿ ನಿನ್ನದೇ ಸುದ್ದಿ. ನನ್ನ ಹೆಸರು ಬರೋದು ಈ ಮನೇಲಿ ಒಂದು ಮಗು ಹುಟ್ಟಿದಾಗ ಮಾತ್ರ. ಅದೂ ನಿಂಗೇ ಬೇಕಿತ್ತಾ?"

"ಬಾಯಿಬಿಟ್ಟು ಹೇಳಿದ್ರೆ ಬಿಟ್ಕೊಡ್ತಿದ್ದೆ."

"ಬೇಡಿ ಇಸ್ಕೊಂಡಿದ್ದು ನಂದು ಹೇಗಾಗುತ್ತೆ?"

ಕಿರಿಯವಳು ಅವಳ ಎದುರಿಗೇ ಕುಳಿತು ಹೊಸ ನೂಲಿಗೆ ಕುಣಿಕೆ ಹಾಕಿದಳು. ಈಗ ಒಂದೊಂದು ತೂತೂ ಕಣ್ಣಿಗೆ ಕಾಣುತ್ತಿತ್ತು. ಆದರೂ ಕುಣಿಕೆಗಳ ಸರಪಳಿ ಸೊಟ್ಟಗೆ ಸುತ್ತಿಕೊಳ್ಳುತ್ತಿತ್ತು. ಯಾಕೆಂದು ಅವಳಿಗೆ ತಿಳಿಯದು. ಎದುರಿಗಿದ್ದವಳಿಗೆ ನೋಡಿದೊಡನೆ ತಿಳಿದಿತ್ತು. ಎಳೆ ಸಡಿಲ ಬಿಡು ಎಂಬ ಒಂದು ಮಾತು ಸಾಕಿತ್ತು. ಹಿರಿಯವಳ ಬೆರಳು ಮಡಿಲಲ್ಲೇ ಒಮ್ಮೆ ಅಲುಗಿದ್ದನ್ನು ಕಿರಿಯವಳು ಕಂಡಳು.

ಹಿರಿಯವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕಿರಿಯವಳು ಕೂಗಿ ಕರೆಯಲಿಲ್ಲ. ಹೆಣೆದದ್ದನ್ನು ಬಿಚ್ಚಿ, ಮತ್ತೆ ಅಷ್ಟೇ ಬಿಗಿಯಾಗಿ ಹೆಣೆಯತೊಡಗಿದಳು.