ಮಧ್ಯಾಹ್ನದ ಬಿಸಿನೀರು

ಬೀದಿಗೆಲ್ಲ ಅವಳು ನೊರೆಯಮ್ಮ. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಪಾರ್ಲರ್ ಇಟ್ಟುಕೊಂಡು, ಊರವರ ತಲೆ ತೊಳೆದೇ ಸಂಸಾರ ತೂಗಿಸಿದವಳು. ಕತ್ತರಿ ಕೆಲಸ ಈಗ ಮಗಳದು. ತಲೆ ತೊಳೆಯುವುದನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬಿಟ್ಟುಕೊಟ್ಟರೂ ಗಿರಾಕಿಗಳು ಒಪ್ಪಬೇಕಲ್ಲ! ಆಫೀಸಿನಲ್ಲಿ ಹೊತ್ತು ಮುಳುಗುವ ತನಕ ಜಗಳವಾಡಿ ಬಂದ ಹೆಂಗಸು ಕೂಡ ಆ ಬೇಸಿನ್ನಿಗೆ ಕತ್ತು ಆನಿಸಿದರೆ ಸಾಕು, ಗೊರಕೆ ಶುರು. ಅಂಥ ಕೈ ಎಲ್ಲರಿಗೂ ಬರುವುದಿಲ್ಲ ಬಿಡಿ. ಮಗಳಿಗೂ ಬಂದಿರಲಿಲ್ಲ, ಅದನ್ನವಳು ಹೆಮ್ಮೆಯಿಂದಲೇ ಒಪ್ಪಿಕೊಳ್ಳುತ್ತಿದ್ದಳು.

ಆ ಕೈಯ ಮೇಲೇ ಈಗ ಮಗಳಿಗೆ ಅನುಮಾನ. ಅಮ್ಮನಿಗೆ ಸಕ್ಕರೆ ಕಾಯಿಲೆ. ಕಳೆದ ತಿಂಗಳು ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿ, ನಿಧಾನಕ್ಕೆ ಪಕ್ಕಕ್ಕಿಟ್ಟು, ಏನೂ ಆಗದವಳಂತೆ ಮಾತು ಮುಂದುವರಿಸಿದ್ದಳು. ಸಂಜೆ ನೋಡಿದರೆ ಬೆರಳ ತುದಿಯಲ್ಲಿ ಬೊಬ್ಬೆ. ಬಿಸಿಯೇ ತಿಳಿಯದ ಕೈಯಲ್ಲಿ ಬಿಸಿನೀರಿನ ಕೆಲಸ ಮಾಡಿಸುವುದು ಹೇಗೆ? ಇನ್ನು ಸಾಕು ಮಾಡಮ್ಮ ಎಂದುಬಿಡಬೇಕು. ದಿನಾ ಬೆಳಿಗ್ಗೆ ಆ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಅಮ್ಮ ಟವೆಲ್ ಕೊಡವಿಕೊಂಡು ಬೇಸಿನ್ನಿನ ಹಿಂದೆ ನಿಲ್ಲುವ ಠೀವಿ ನೋಡಿದರೆ ಅಲ್ಲೇ ಉಳಿದುಬಿಡುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಕಾಯಂ ಗಿರಾಕಿ ಟೀಚರಮ್ಮ ಬೇಸಿನ್ನಿನಿಂದ ದಡಕ್ಕನೆ ಎದ್ದು ಕೂತರು. ನೆತ್ತಿ ಕೆಂಪಗಾಗಿತ್ತು. ಅಮ್ಮ ತಣ್ಣೀರು ಸುರಿದು, ಕ್ಷಮೆ ಕೇಳಿ, ಅವರನ್ನು ಸಮಾಧಾನ ಮಾಡಿ ಕಳಿಸಿದಳು.

"ಗೀಸರ್ ಕೆಟ್ಟಿದೆ. ರಿಪೇರಿಯವನಿಗೆ ಫೋನ್ ಮಾಡು," ಎಂದಳು ಮಗಳಿಗೆ.

ಪಾಪ, ತನ್ನ ಕೈಯ ತಪ್ಪನ್ನು ಗೀಸರಿನ ತಲೆಗೆ ಕಟ್ಟುತ್ತಿದ್ದಾಳೆ ಎಂದು ಮಗಳಿಗೆ ಅನಿಸಿತು. ಆದರೂ ಫೋನ್ ಮಾಡಿದಳು. ಗೀಸರ್ ಸರಿಯಾಗಿದೆ ಅಂತ ಅವನ ಬಾಯಿಂದಲೇ ಬಂದರೆ, ಮುಂದಿನದನ್ನು ಹೇಳಲು ತನಗೆ ಸುಲಭ.

ಮರುದಿನ ಬೆಳಿಗ್ಗೆ ರಿಪೇರಿಯವನು ಬಂದು ನಲ್ಲಿಯ ಕೆಳಗೆ ಕೈ ಹಿಡಿದ.

"ಚೆನ್ನಾಗೇ ಇದೆಯಲ್ಲಮ್ಮ."

"ಈಗ ಚೆನ್ನಾಗೇ ಇರುತ್ತೆ. ಮಧ್ಯಾಹ್ನ ಇರಲ್ಲ," ಎಂದಳು ಅಮ್ಮ.

"ಕೈಗೆ ಗೊತ್ತಾಗುತ್ತಾ ಅಷ್ಟು ವ್ಯತ್ಯಾಸ?"

"ಕೈಗೆಲ್ಲಿ ಗೊತ್ತಾಗುತ್ತೆ? ಅದು ಮರಗಟ್ಟಿ ವರ್ಷದ ಮೇಲಾಯ್ತು."

ಕಸ ಗುಡಿಸುತ್ತಿದ್ದ ಮಗಳು ಪೊರಕೆ ಹಿಡಿದುಕೊಂಡೇ ನಿಂತಳು.

"ಮೊಣಕೈಯಲ್ಲಿ ಹದ ನೋಡಿ ನೀರು ಬಿಡ್ತೀನಿ," ಎಂದಳು ಅಮ್ಮ, ಟವೆಲ್ ಮಡಿಸುತ್ತ. "ಆಮೇಲೆ ನೋಡೋದು ಅವರ ಭುಜಾನ. ನೀರು ಹಿತವಾಗಿದ್ರೆ ಭುಜ ತಾನಾಗೇ ಇಳಿಯುತ್ತೆ. ಬಿಸಿ ಒಂಚೂರು ಹೆಚ್ಚಾದ್ರೂ ಕಿವಿ ಕಡೆ ಏರುತ್ತೆ, ಅವರಿನ್ನೂ ಬಾಯೇ ಬಿಟ್ಟಿರಲ್ಲ. ಈಗ ಕೆಲವು ದಿನದಿಂದ ಬೆಳಿಗ್ಗೆ ಬರೋರ ಭುಜ ಇಳಿಯುತ್ತೆ, ಮಧ್ಯಾಹ್ನದೋರದ್ದು ಇಳೀತಿಲ್ಲ. ತಣ್ಣೀರು ಜಾಸ್ತಿ ಮಾಡಿ ಮಾಡಿ ಸಾಕಾಯ್ತು. ನಿನ್ನೆ ಕುದಿಯೋ ನೀರೇ ದಿಢೀರಂತ ಬಂತು, ಭುಜ ನೋಡೋಕೂ ಪುರುಸೊತ್ತು ಸಿಗಲಿಲ್ಲ. ನನ್ನ ಕೈಯೇ ಕೆಟ್ಟಿದ್ರೆ ಬೆಳಿಗ್ಗೇನೂ ಕೆಡಬೇಕಿತ್ತಲ್ಲಪ್ಪಾ?"

ರಿಪೇರಿಯವನಿಗೆ ಆ ಲೆಕ್ಕಾಚಾರ ಹಿಡಿಸಿತು. ಗೀಸರ್ ಆರಿಸದೆ ಹಾಗೇ ಬಿಟ್ಟಿರಿ ಎಂದು ಹೇಳಿ ಹೋದವನು ಊಟವಾದ ಮೇಲೆ ಮತ್ತೆ ಬಂದ. ಗೀಸರ್ ಇದ್ದ ಬಚ್ಚಲಿಗೆ ಕಾಲಿಟ್ಟವನೇ ಅವರಿಬ್ಬರನ್ನೂ ಹಿಂದೆ ಸರಿಸಿದ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ಒಳಗೆ ಗುಡುಗುಡು ಸದ್ದು. ನಲ್ಲಿ ತಿರುಗಿಸಿದರೆ ಅದು ಕೆಮ್ಮಿ ಕೆಮ್ಮಿ ಹಬೆ ಉಗುಳಿತು. ಕರೆಂಟ್ ತೆಗೆದು, ತಣ್ಣಗಾದ ಮೇಲೆ ಬಿಚ್ಚಿ ನೋಡಿದ. ನೀರು ಕಾದ ಮೇಲೆ ಕರೆಂಟ್ ನಿಲ್ಲಿಸಬೇಕಾದ ಥರ್ಮೋಸ್ಟಾಟ್ ಅಂಟಿಕೊಂಡುಬಿಟ್ಟಿತ್ತು. ಹಬೆ ಹೊರಗೆ ಬಿಡಬೇಕಾದ ವಾಲ್ವಿನಲ್ಲಿ ಬಿಳಿ ಗಸಿ ಕಟ್ಟಿತ್ತು.

"ಬೆಳಿಗ್ಗೆ ಆಗಷ್ಟೇ ಕಾದಿರುತ್ತೆ, ಗೊತ್ತಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಕುದೀತಾ ಇರುತ್ತೆ. ಹೀಗೇ ಬಿಟ್ಟಿದ್ರೆ ಸಿಡಿದು ಗೋಡೆ ಸಮೇತ ಬರ್ತಿತ್ತು," ಎಂದ. ಆಮೇಲೆ ಅಮ್ಮನ ಕಡೆ ತಿರುಗಿ, "ದೀಪ ಆರಲ್ಲ, ಸದ್ದು ಬರುತ್ತೆ ಅಂತ ಕರೆಯೋರು ಉಂಟು. ಗಿರಾಕಿ ಭುಜ ನೋಡಿ ಕರೆದೋರು ನೀವೊಬ್ರೇ," ಎಂದು ಕೈ ಮುಗಿದ. ಮಗಳಿಗೂ ಕೈ ಮುಗಿಯಬೇಕೆನಿಸಿತು, ಹೆತ್ತ ತಾಯಿಗೆ ಹಾಗೆಲ್ಲ ಇದ್ದಕ್ಕಿದ್ದಂತೆ ಮುಗಿಯಲು ನಾಚಿಕೆ.

ಹೊಸ ಥರ್ಮೋಸ್ಟಾಟ್, ಹೊಸ ವಾಲ್ವು ಹಾಕಿ ಅವನು ಹೋದ ಮೇಲೆ ಅಮ್ಮ ಕರೆದಳು. "ಬಾರೇ, ಮೊದಲು ನಿನ್ನ ತಲೆಗೆ ಹಾಕಿ ನೋಡೋಣ."

ಮಗಳು ಬೇಸಿನ್ನಿಗೆ ಕತ್ತು ಆನಿಸಿ ಕಣ್ಣು ಮುಚ್ಚಿದಳು. ನೀರು ಬಿತ್ತು. ಎಷ್ಟು ಹಿತವೆಂದರೆ, ಈ ಹೆಂಗಸರೆಲ್ಲ ಇಲ್ಲಿ ಯಾಕೆ ನಿದ್ದೆ ಹೋಗುತ್ತಾರೆಂದು ಅವಳಿಗೆ ಅರ್ಥವಾಯಿತು. ಸ್ವಲ್ಪ ಹೊತ್ತಿಗೆ ಅಮ್ಮನ ಕೈ ನಿಂತಿತು.

"ನೀರು ಸರಿಯಾಗಿದೆ. ನಿನ್ನ ಭುಜ ಮಾತ್ರ ಒಂದು ತಿಂಗಳಿಂದ ಇಳಿದಿಲ್ಲ. ಏನು ಹೇಳಬೇಕು ಅಂತಿದ್ದೀಯೋ ಹೇಳಿಬಿಡು."

ಮಗಳು ಕಣ್ಣು ತೆರೆಯಲಿಲ್ಲ. "ಏನಿಲ್ಲಮ್ಮ. ಭುಜ ನೋಡೋದನ್ನ ನಂಗೂ ಕಲಿಸು ಅಂತ." ಕೆನ್ನೆಯ ಮೇಲೆ ಹರಿದದ್ದನ್ನು ಅಂಗೈಯಲ್ಲಿ ಒರೆಸಿಕೊಳ್ಳುತ್ತ, "ಕಣ್ಣಿಗೆ ಶಾಂಪೂ ಹೋಯ್ತು," ಎಂದಳು.

"ಶಾಂಪೂ ಇನ್ನೂ ಹಾಕೇ ಇಲ್ಲ ಕಣೇ," ಎಂದಳು ಅಮ್ಮ.