ಚಂದ್ರಿಗೆ ರಾಯವ್ವ ಹುಡುಕಿದ ಗಂಡು

ತುಕ್ಕಾನಟ್ಟಿಯ ರಾಯವ್ವ ಸೀನಿದರೆ ಗೋಕಾಕದ ಜಲಪಾತ ಒಂದು ಗಳಿಗೆ ಸುರಿಯುವುದನ್ನೇ ಮರೆಯುತ್ತಿತ್ತು. ಕಡಿಯುವ ಕೊಯ್ತಾ ಅವಳ ಕೈಗೆ ಬಂದರೆ ಕಬ್ಬು ತಾನಾಗಿಯೇ ಬಾಗಿ ಕೊರಳು ಕೊಡುತ್ತಿತ್ತು. ಇಂಥ ರಾಯವ್ವನೂ ಹೆದರುವ ಸಂಗತಿ ಲೋಕದಲ್ಲಿ ಒಂದೇ ಇತ್ತು: ಅವಳ ಮುಧೋಳ ನಾಯಿ ಚಂದ್ರಿಯ ಹೊಟ್ಟೆಯಲ್ಲಿ ರೋಗದ ಮರಿ ಹುಟ್ಟುವುದು.

ಚಂದ್ರಿ ಓಡಿದರೆ ಅದರ ನೆರಳು ಹಿಂದೆ ಬಿದ್ದು, ಸಂಜೆ ಹೊತ್ತಿಗೆ ಏದುಸಿರು ಬಿಡುತ್ತ ಬಂದು ಸೇರಿಕೊಳ್ಳುತ್ತಿತ್ತು. ಚಂದ್ರಿ ಬೆದೆಗೆ ಬಂದ ಸುದ್ದಿ ಹಬ್ಬಿದ್ದೇ ತಡ, ಹುಕ್ಕೇರಿಯಿಂದ ಮೂಡಲಗಿವರೆಗಿನ ಗಂಡುನಾಯಿಗಳೆಲ್ಲ ಮೀಸೆ ತೀಡಿಕೊಂಡವು. ರಾಯವ್ವ ಒಂದೊಂದರ ಬಾಯಿ ಅಗಲಿಸಿ ದವಡೆ ನೋಡಿದಳು, ಓಡಿಸಿ ಸೊಂಟ ನೋಡಿದಳು, ಅಪ್ಪ ಯಾರು ಅವ್ವ ಯಾರು ಎಂದು ವಿಚಾರಿಸಿದಳು. ಕೊನೆಗೆ ಒಪ್ಪಿದ್ದು ಘೋಡಗೇರಿಯ ಮಾಯಪ್ಪನ ಬೂದು ನಾಯಿಯನ್ನು. ರೂಪ ಅಷ್ಟಕ್ಕಷ್ಟೇ, ಆದರೆ ಕಣ್ಣು ತಿಳಿ, ಸೊಂಟ ಗಟ್ಟಿ, ಚಂದ್ರಿಗೆ ಯಾವ ಕಡೆಯಿಂದಲೂ ನೆಂಟನಲ್ಲ.

ಇದನ್ನು ಕೇಳಿ ಯಮಕನಮರಡಿಯ ಲಖನನ ಮೈ ಉರಿಯಿತು. ಅವನ ನಾಯಿ ಸುಲ್ತಾನ ಓಟದಲ್ಲಿ ಗೆದ್ದ ಢಾಲುಗಳಿಗೆ ಮನೆ ಸಾಲದೆ ಮೇಲೊಂದು ಮಾಳಿಗೆ ಏರಿಸಿದ್ದ. ಆದರೆ ಸುಲ್ತಾನ, ಚಂದ್ರಿ ಒಂದೇ ಸೂಲಿನ ಅಣ್ಣ-ತಂಗಿ.

ಮಟಮಟ ಮಧ್ಯಾಹ್ನ ಲಖನ ಇಬ್ಬರು ಜಟ್ಟಿಗಳನ್ನೂ ಸುಲ್ತಾನನನ್ನೂ ಜೀಪಿಗೆ ಹೇರಿಕೊಂಡು ಬಂದ. ರಾಯವ್ವ ಕೊಯ್ತಾ ಹಿಡಿದು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ರಾಯವ್ವಕ್ಕಾ, ಬಾಗಲಾ ತಗೀ. ಮನಿ ರಕ್ತ ಮನ್ಯಾಗ ಉಳೀಲಿ, ತಳಿ ಚೊಕ್ಕ ಇರ್ತೈತಿ.”

“ಹ್ವಾದ ವರ್ಸ ನಿನ್ನ ಮನ್ಯಾಗ ಹಿಂಗ ಜೋಡಿ ಹಚ್ಚಿದ್ಯಲ್ಲೋ, ಏನ್ ಹುಟ್ಟಿದ್ವು? ಕಣ್ಣಿಲ್ಲ, ದವಡಿ ಸೊಟ್ಟ. ಮಲಿ ಹಿಡ್ಯಾಕ ಬರದ ಒದ್ದಾಡಿ ಸತ್ವು.”

“ಅದು ದೃಷ್ಟಿ ತಾಗಿದ್ದಕ್ಕ!”

“ದೃಷ್ಟಿ ಅಲ್ಲೋ ಲಖನ್ಯಾ, ನಿನ್ನ ತಲಿ ತಾಗಿದ್ದಕ್ಕ.”

ಮುಚ್ಚಿದ ಬಾಗಿಲ ಹಿಂದೆ ಬೂದು ನಾಯಿ ಆಗಲೇ ಚಂದ್ರಿಯನ್ನು ಕೂಡಿತ್ತು. ಕೂಡಿದ ನಾಯಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ತಾವಾಗಿ ಬಿಡುವ ಮೊದಲು ಯಾರಾದರೂ ಎಳೆದರೆ ಎರಡೂ ಹರಿದುಹೋಗುತ್ತವೆ. ಮಾಯಪ್ಪ ಅವುಗಳ ಕೊರಳು ತಬ್ಬಿ ಕೂತಿದ್ದ. ರಾಯವ್ವನ ಗಂಡ ಶಿದ್ರಾಮ ಕಾಳಿನ ಚೀಲಗಳ ಹಿಂದೆ ಕೂತು ದೇವರನ್ನು ಕಾಯುತ್ತಿದ್ದ, ಅಥವಾ ದೇವರು ಅವನನ್ನು.

ಮೊದಲ ಜಟ್ಟಿ ಮುಂದೆ ಬಂದ. ರಾಯವ್ವ ಕೊಯ್ತಾದ ಹಿಂಬದಿಯಿಂದ ಮೊಣಕಾಲಿಗೆ ಕೊಟ್ಟ ಏಟಿನ ಸದ್ದಿಗೆ ಹುಕ್ಕೇರಿಯಲ್ಲಿ ಎಮ್ಮೆಗಳು ಬೆದರಿ ಅಂದು ಹಾಲು ಕೊಡಲಿಲ್ಲ. ಎರಡನೆಯವನ ಮೋರೆಗೆ ಒನಕೆ ಬಿತ್ತು. ಹಲ್ಲುಗಳು ಅಂಗಳದ ತುಂಬ ಜೋಳದಂತೆ ಚೆಲ್ಲಿದವು, ಕೋಳಿಗಳು ಓಡಿ ಬಂದು ಮೋಸಹೋದವು. ಅಷ್ಟರಲ್ಲಿ ಲಖನ ಬಾಗಿಲು ಒದ್ದು ಕೆಡವಿದ.

“ಇಲ್ಲೇ ಬಿಡಸ್ತೇನಿ ಇವನ್ನ!” ಎಂದು ಕಬ್ಬಿಣದ ರಾಡು ಎತ್ತಿದ.

ರಾಯವ್ವ ಕೈ ಅಡ್ಡ ಒಡ್ಡಿದಳು. ಮುಂಗೈ ಎಲುಬು ಚರ್ಮ ಸೀಳಿ ಹೊರಬಂತು. ರಕ್ತ ಗೋಡೆಗೆ ಚಿಮ್ಮಿತು. ಬೆದೆಯ ವಾಸನೆಗೆ ಹುಚ್ಚಾದ ಸುಲ್ತಾನ ಸರಪಳಿ ಜಗ್ಗಿತು. ಲಖನ ಸಿಟ್ಟಿನಲ್ಲಿ ಅದರ ಬೆನ್ನಿಗೂ ಒಂದು ಏಟು ಹಾಕಿದ. ನಾಯಿ ತಿರುಗಿ ಅವನ ತೊಡೆಯಿಂದ ಮುಷ್ಟಿಯಷ್ಟು ಮಾಂಸ ಕಿತ್ತು ಉಗುಳಿ, ಸೀದಾ ಚಂದ್ರಿಯತ್ತ ನುಗ್ಗಿತು.

ರಾಯವ್ವ ಒಂದೇ ಕೈಯಿಂದ ಅದರ ಕೊರಳಪಟ್ಟಿ ಹಿಡಿದಳು. ಅದು ಅವಳ ಭುಜಕ್ಕೆ ಹಲ್ಲು ಇಳಿಸಿತು, ಅವಳು ಪಟ್ಟಿ ಬಿಡಲಿಲ್ಲ. ಅಂಗಳದ ಉದ್ದಕ್ಕೂ ಎಳೆದೊಯ್ದು ಜೀಪಿಗೆ ಕಟ್ಟಿದಳು.

“ನಿಂದ ತಪ್ಪಿಲ್ಲೋ ಮಗನ,” ಎಂದು ಅದರ ತಲೆ ಸವರಿ, ಅಲ್ಲೇ ಕುಸಿದಳು.

ಚಂದ್ರಿ ಮರಿ ಹಾಕಿತು. ಕಣ್ಣು ತೆರೆದ ಮರಿಗಳನ್ನು ರಾಯವ್ವ ಪ್ಲಾಸ್ಟರಿನ ಕೈಯಲ್ಲೇ ಎತ್ತಿ ನೋಡಿದಳು: ಎಲ್ಲವೂ ಅವಳ ಬೆರಳನ್ನು ಬಿಗಿಯಾಗಿ ಹಿಡಿದು ಚೀಪಿದವು. ಮೊದಲ ಮರಿ ಆರಿಸುವ ಹಕ್ಕು ಗಂಡುನಾಯಿಯ ಧಣಿಯದು. ಮಾಯಪ್ಪ ತನ್ನದನ್ನು ಒಯ್ದ. ಆಮೇಲೊಂದು ದಿನ ಲಖನ ಕುಂಟುತ್ತ ಬಂದು ಅಂಗಳದಲ್ಲಿ ನಿಂತ.

“ತಪ್ಪಾತಕ್ಕಾ. ಒಂದ ಹೆಣ್ಣಮರಿ ಕೊಡು. ಬೆಳದ ಮ್ಯಾಲ ಸುಲ್ತಾನಗ ಜೋಡಿ ಹಚ್ತೇನಿ.”

“ಅವ ಇದಕ್ಕ ಸ್ವಾದರಮಾವ ಆಗ್ತಾನೋ!”

“ಆದ್ರೇನಾತು? ಸ್ವಾದರಮಾವಗ ಅಕ್ಕನ ಮಗಳನ್ನ ಕೊಡೂದು ನಮ್ಮ ಪದ್ಧತೀನ ಐತಿ. ನಿನ್ನೂ ಶಿದ್ರಾಮಣ್ಣಗ ಹಂಗ ಕೊಟ್ಟಾರಲ್ಲ?”

ಶಿದ್ರಾಮ ಎದ್ದು ಹಿತ್ತಲಿಗೆ ಹೋದ.

“ಹೌದು,” ಎಂದಳು ರಾಯವ್ವ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಊರು ಕೇಳಿರಲಿಲ್ಲ. “ಎರಡ ಕೂಸು ಹಡದೆ. ಎರಡೂ ಮಣ್ಣಾಗ ಅದಾವು.”

ಲಖನ ಎತ್ತಿಕೊಂಡಿದ್ದ ಹೆಣ್ಣುಮರಿಯನ್ನು ಕೆಳಗಿಟ್ಟ. ರಾಯವ್ವ ಗಂಡುಮರಿಯೊಂದನ್ನು ಅವನ ಉಡಿಗೆ ಹಾಕಿದಳು.

“ಇದಕ್ಕ ಹೆಣ್ಣ ನೋಡಾಕ ಹೋಗೂ ಮುಂದ ನನ್ನ ಕರೀ.”