ಜೋಡಿ ಅರ್ಜಿ

ತರಬೇತಿಯ ಹೆಸರನ್ನು ಮೊದಲ ಸಲ ಓದಿದಾಗ ನೀಲಕ್ಕ ಬಿದ್ದು ಬಿದ್ದು ನಕ್ಕಿದ್ದಳು.

“ಸುಸ್ಥಿರ ಅಭಿವೃದ್ಧಿ ಮತ್ತು ಸಂಘರ್ಷ ಪರಿಹಾರ! ಇದನ್ನ ಓದಿ ಮುಗಿಸೋಷ್ಟರಲ್ಲಿ ಎಂಥಾ ಜಗಳ ಆದ್ರೂ ತಣ್ಣಗಾಗಿಬಿಡುತ್ತೆ ಕಣೇ.”

“ನಗಬೇಡ, ಪೂರ್ತಿ ಓದು,” ಎಂದಳು ಅವಳ ಗೆಳತಿ, ಊರ ಶಾಲೆಯ ಟೀಚರ್. “ಒಬ್ಬೊಬ್ಬರೇ ಅರ್ಜಿ ಹಾಕೋ ಹಾಗಿಲ್ಲ. ಒಂದೇ ಜಗಳದ ಎರಡೂ ಕಡೆಯಿಂದ ಒಬ್ಬೊಬ್ಬರು ಸೇರಿ ಜೋಡಿಯಾಗಿ ಹಾಕಬೇಕು. ನೀನು ಆ ಕಡೆ, ನಾನು ಈ ಕಡೆ. ನಮಗೇ ಅಳತೆ ತಗೊಂಡು ಹೊಲಿದ ಹಾಗಿದೆ.”

ಜಗಳ ಕಾಲುವೆಯದು. ಮೇಲಿನ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳು, ಕೆಳಗಡೆ ತರಕಾರಿ ತೋಟಗಳು. ಶೆಡ್ಡಿನವರು ಬಿಟ್ಟ ನೀರು ಒಮ್ಮೆ ಕೆಂಪಗೆ, ಒಮ್ಮೆ ಕಡುನೀಲಿಯಾಗಿ ಕಾಲುವೆಗೆ ಬಂದು ತೋಟಗಳಿಗೆ ನುಗ್ಗುತ್ತಿತ್ತು. ಸೊಪ್ಪಿನ ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬರುತ್ತಿದ್ದವು. ನೀಲಕ್ಕ ಮತ್ತವಳ ಗಂಡ ಒಂದು ಶೆಡ್ಡು ನಡೆಸುತ್ತಿದ್ದರು. ಎಷ್ಟು ಉಜ್ಜಿದರೂ ಅವಳ ಕೈ ಮೊಣಕೈತನಕ ನೀಲಿ. ಹಾಗಾಗಿ ಊರಿಗೆಲ್ಲ ಅವಳು ನೀಲಕ್ಕ. ಟೀಚರ ತಾಯಿ ಮತ್ತು ತಮ್ಮನದು ಕೆಳಗಿನ ತೋಟ. ಇವರಿಬ್ಬರು ಮಾತ್ರ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನವರು. ಎರಡು ಬೀದಿಗಳು ಒಂದನ್ನೊಂದು ಬೈದುಕೊಳ್ಳುತ್ತಿದ್ದ ಕಾಲದಲ್ಲೂ ಇವರು ಸಂಜೆ ಸೇತುವೆಯ ಮೇಲೆ ನಿಂತು ಹರಟುವುದು ತಪ್ಪಿರಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ಅವರಿಬ್ಬರೂ ಮನೆಮನೆ ಅಲೆದು ಒಂದು ಒಪ್ಪಂದ ಕುದುರಿಸಿದ್ದರು. ಶೆಡ್ಡಿನವರು ವಾರದಲ್ಲಿ ಗೊತ್ತಾದ ದಿನಗಳಂದು ಮಾತ್ರ ನೀರು ಬಿಡಬೇಕು, ಆ ದಿನಗಳಲ್ಲಿ ತೋಟದವರು ತೂಬು ಮುಚ್ಚಿಕೊಳ್ಳಬೇಕು. ಇದು ಮುಲಾಮು, ಔಷಧಿಯಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊಳೆನೀರನ್ನು ಶುದ್ಧ ಮಾಡುವ ತೊಟ್ಟಿ ಬೇಕು, ಅದಕ್ಕೆ ಇಡೀ ಬೀದಿಯನ್ನು ಒಪ್ಪಿಸುವ ವಿದ್ಯೆ ಬೇಕು. ಅದಕ್ಕೇ ಈ ತರಬೇತಿ. ದೂರದ ನಗರದ ಸಂಸ್ಥೆಯೊಂದರಲ್ಲಿ ಅರ್ಧ ವರ್ಷ ಇದ್ದು ಕಲಿಯಬೇಕು. ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಕೂತು ಅರ್ಜಿ ತುಂಬಿದರು. ‘ನಿಮ್ಮ ಜೊತೆಗಾರರ ಬಗ್ಗೆ ಬರೆಯಿರಿ’ ಎಂಬಲ್ಲಿ ನೀಲಕ್ಕ, ‘ಜಾಸ್ತಿ ಮಾತಾಡುತ್ತಾಳೆ, ಆದರೆ ನಿಜ ಮಾತಾಡುತ್ತಾಳೆ’ ಎಂದು ಬರೆದಳು. ಟೀಚರ್ ಅದನ್ನು ಹೊಡೆದುಹಾಕಲು ಪೆನ್ನು ಕಿತ್ತುಕೊಳ್ಳಹೋದಾಗ ಕೊಡದೆ ಬೆಂಚುಗಳ ನಡುವೆ ಓಡಾಡಿಸಿದಳು.

ಅರ್ಜಿ ಹೋದ ಮೇಲೆ ಒಂದು ಬೆಳಿಗ್ಗೆ, ಬಿಡಬಾರದ ದಿನ, ಯಾವುದೋ ಶೆಡ್ಡಿನವರು ನೀರು ಬಿಟ್ಟರು. ತೋಟವೆಲ್ಲ ಕೆಂಪಾಯಿತು. ಟೀಚರ ತಮ್ಮ ಸಿಟ್ಟಿನಲ್ಲಿ ಮೇಲಕ್ಕೆ ಹೋಗಿ, ಶೆಡ್ಡುಗಳ ಮೋರಿಗೇ ಅಡ್ಡವಾಗಿ ಕಲ್ಲುಮಣ್ಣು ಸುರಿಯತೊಡಗಿದ. ನೀರು ಹಿಂದಕ್ಕೆ ಉಕ್ಕಿ ಶೆಡ್ಡುಗಳಿಗೆ ನುಗ್ಗಿತು. ತಡೆಯಲು ಬಂದವನು ನೀಲಕ್ಕನ ಗಂಡ. ಮಾತಿಗೆ ಮಾತು ಬೆಳೆಯಿತು, ಕೈ ಕೈ ಸೇರಿತು. ಒಂದು ತಳ್ಳು. ತಮ್ಮ ಹಿಂದಕ್ಕೆ ಬಿದ್ದ. ತಲೆ ಮೋರಿಯ ಕಟ್ಟೆಗೆ ಬಡಿಯಿತು. ನೀಲಕ್ಕನ ಗಂಡನೇ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಆಸ್ಪತ್ರೆ ಮುಟ್ಟುವ ಮೊದಲೇ ತಮ್ಮ ಹೋಗಿಬಿಟ್ಟಿದ್ದ. ಪೊಲೀಸರು ಕೇಳುವ ಮುಂಚೆಯೇ ನೀಲಕ್ಕನ ಗಂಡ, “ತಳ್ಳಿದ್ದು ನಾನೇ,” ಎಂದು ಹೇಳಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದನಂತೆ.

ಟೀಚರ್ ಅಳಲಿಲ್ಲ. ತಾಯಿಯನ್ನು ಹಿಡಿದುಕೊಳ್ಳಬೇಕಿತ್ತು, ತಮ್ಮನ ಹೆಂಡತಿಗೆ ಎರಡು ತುತ್ತು ತಿನ್ನಿಸಬೇಕಿತ್ತು, ಆಗಷ್ಟೇ ನಡೆಯಲು ಕಲಿತಿದ್ದ ಅವನ ಮಗಳನ್ನು ಎತ್ತಿಕೊಂಡು ತಿರುಗಬೇಕಿತ್ತು. ಶಾಲೆಗೆ ಮತ್ತೆ ಹೋಗತೊಡಗಿದಾಗ ಸೇತುವೆ ಬಿಟ್ಟು ಸುತ್ತುದಾರಿ ಹಿಡಿದಳು.

ಹೀಗಿರುವಾಗ ಸಂಸ್ಥೆಯಿಂದ ಕರೆ ಬಂತು. ಇಬ್ಬರೂ ಸಂದರ್ಶನಕ್ಕೆ ಬರಬೇಕು. ಟೀಚರ್ ತಾಯಿಗೆ ಶಾಲೆಯ ಕೆಲಸವೆಂದು ಹೇಳಿ ನಗರದ ಬಸ್ಸು ಹತ್ತಿದಳು. ಸಂಸ್ಥೆಯ ಉದ್ದನೆಯ ಕಾರಿಡಾರಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯೊಂದರ ತುದಿಯಲ್ಲಿ, ನೀಲಿ ಕೈಗಳನ್ನು ಸೆರಗಿನೊಳಗೆ ಮುದುಡಿಕೊಂಡು ನೀಲಕ್ಕ ಕೂತಿದ್ದಳು. ಇಳಿದುಹೋಗಿದ್ದಳು. ಟೀಚರ್ ನಾಲ್ಕು ಕುರ್ಚಿ ಬಿಟ್ಟು ಕೂತಳು.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ಹಿರಿಯ ಮೇಡಂ ಅರ್ಜಿ ನೋಡುತ್ತ, “ಚೆನ್ನಾಗಿ ಬರೆದಿದೀರಿ. ಇದನ್ನ ಬರೆದ ಮೇಲೆ ಊರಲ್ಲಿ ಏನಾದ್ರೂ ಬದಲಾಗಿದೆಯಾ?” ಎಂದು ಕೇಳಿದರು.

ನೀಲಕ್ಕ ತಲೆ ತಗ್ಗಿಸಿದಳು. ಟೀಚರ್ ಬಾಯಿ ತೆರೆದಳು.

“ಇವಳ ಗಂಡ ನನ್ನ ತಮ್ಮನ್ನ ತಳ್ಳಿದ್ರು. ತಮ್ಮ ಸತ್ತ.”

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮನೆಯಲ್ಲಿ ‘ಹೋದ’ ಎನ್ನುತ್ತಿದ್ದರು, ‘ಆ ದಿನ’ ಎನ್ನುತ್ತಿದ್ದರು. ‘ಸತ್ತ’ ಎಂದು ಕೇಳಿದ್ದೇ ಅವಳು ಮೇಜಿನ ಅಂಚು ಹಿಡಿದುಕೊಂಡಳು. ಯಾರೋ ನೀರು ತಂದಿಟ್ಟರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ಆದ್ರೂ ಇಬ್ಬರೂ ಬಂದಿದೀರಲ್ಲ,” ಎಂದಷ್ಟೇ ಹೇಳಿದರು.

ಹೊರಗೆ ಗೇಟಿನ ಹತ್ತಿರ ನೀಲಕ್ಕ ಅಡ್ಡ ನಿಂತಳು.

“ಬೈಯೇ. ಕಪಾಳಕ್ಕೆ ಹೊಡಿ. ಹೀಗೆ ಸುಮ್ಮನಿರಬೇಡ, ನನ್ನ ಕೈಲಾಗಲ್ಲ.”

“ನಿನ್ನ ತಪ್ಪೇನಿದೆ ಅಂತ ಬೈಲಿ?”

“ಹಾಗಾದ್ರೆ ನನ್ನ ಮುಖ ನೋಡು.”

ಟೀಚರ್ ನೋಡಲು ಪ್ರಯತ್ನಿಸಿದಳು. ಗೇಟಿನ ಕಂಬಿಯನ್ನು, ರಸ್ತೆಯನ್ನು, ನೀಲಕ್ಕನ ಚಪ್ಪಲಿಯನ್ನು ನೋಡಿದಳು.

“ಆಗ್ತಿಲ್ಲ ಕಣೇ,” ಎಂದಳು. “ನಿನ್ನ ಮೇಲೆ ಸಿಟ್ಟಿಲ್ಲ, ನಿಜವಾಗ್ಲೂ ಇಲ್ಲ. ಆದ್ರೆ ನಿನ್ನ ನೋಡಿದಾಗೆಲ್ಲ ಅವನು ಇನ್ನೊಂದ್ಸಲ ಸಾಯ್ತಾನೆ. ನಾನೇನು ಮಾಡ್ಲಿ?”

ಒಂದೇ ಬಸ್ಸಿನಲ್ಲಿ ವಾಪಸಾದರು. ನೀಲಕ್ಕ ಮುಂದಿನ ಸೀಟಿನಲ್ಲಿ, ಟೀಚರ್ ಹಿಂದಿನ ಸಾಲಿನಲ್ಲಿ. ದಾರಿಯುದ್ದಕ್ಕೂ ನೀಲಕ್ಕನ ಭುಜಗಳು ಅಲುಗುತ್ತಿದ್ದವು. ಎದ್ದು ಹೋಗಿ ಅವುಗಳ ಮೇಲೆ ಕೈ ಇಡಬೇಕೆಂದು ಟೀಚರಿಗೆ ಎಷ್ಟೋ ಸಲ ಅನ್ನಿಸಿತು. ಏಳಲಿಲ್ಲ.

ಇಬ್ಬರೂ ಆಯ್ಕೆಯಾಗಿದ್ದಾರೆಂಬ ಸುದ್ದಿ ಬಂದಾಗ ಗುಟ್ಟು ರಟ್ಟಾಯಿತು. ತಾಯಿ ತೋಟದಿಂದ ತಂದ ಸೊಪ್ಪಿನ ಕಟ್ಟುಗಳನ್ನು ಅಡುಗೆಮನೆಯ ನೆಲಕ್ಕೆ ಎಸೆದಳು.

“ಆ ಮನೆಯವಳ ಪಕ್ಕ ಕೂತು ಪಾಠ ಕಲೀತೀಯಾ? ನಿನ್ನ ತಮ್ಮನ ಮುಖ ನೆನಪಿದೆಯೇನೇ?”

“ಅಮ್ಮಾ, ನಾನು ಹೋಗಲ್ಲ. ಬರಲ್ಲ ಅಂತ ಹೇಳ್ತೀನಿ.”

“ನಾನು ಹೋಗ್ತೀನಿ,” ಎಂದಿತು ಇನ್ನೊಂದು ದನಿ.

ತಮ್ಮನ ಹೆಂಡತಿ ನೆಲದ ಮೇಲಿನ ಸೊಪ್ಪನ್ನು ಆಯ್ದು ಮೊರಕ್ಕೆ ಹಾಕುತ್ತಿದ್ದಳು. ಆ ಮನೆಗೆ ಬಂದಂದಿನಿಂದ ಯಾವ ಮಾತಿನ ನಡುವೆಯೂ ಬಾಯಿ ಹಾಕದ ಹೆಣ್ಣು.

“ನಿನಗೆ ತಲೆ ಕೆಟ್ಟಿದೆಯಾ?” ಅತ್ತೆ ಕೂಗಿದಳು.

“ಇಲ್ಲ ಅತ್ತೆ.” ಅವಳು ಬಾಡಿದ ಎಲೆಯೊಂದನ್ನು ಕಿತ್ತು ಪಕ್ಕಕ್ಕಿಟ್ಟಳು. “ಅವರು ಜೀವ ಕಳಕೊಂಡಿದ್ದು ಈ ನೀರಿಗೋಸ್ಕರ. ಅವರು ಹೋದ ಮೇಲೂ ಅದು ಕೆಂಪಗೇ ಬರ್ತಿದೆ. ಇವತ್ತು ಬೆಳಿಗ್ಗೆ ನಿಮ್ಮ ಮೊಮ್ಮಗಳು ಅದರಲ್ಲಿ ಕೈಯಾಡಿಸ್ತಾ ಕೂತಿದ್ಲು. ನಾನು ಯಾರ ಮೇಲೆ ಸಿಟ್ಟು ಮಾಡ್ಕೊಂಡು ಕೂರ್ಲಿ, ಹೇಳಿ?” ಆಮೇಲೆ ಟೀಚರ ಕಡೆ ತಿರುಗಿದಳು. “ಅತ್ತಿಗೆ, ನೀವು ಅವಳ ಜೊತೆ ಆಡಿ ಬೆಳೆದವರು, ನಿಮಗೆ ಕಷ್ಟ. ನನಗೆ ಅವಳು ಯಾರೋ. ನನ್ನ ಕೈಲಿ ಆಗುತ್ತೆ ಅನ್ನಿಸುತ್ತೆ.”

ಅತ್ತೆ ಗೋಡೆಗೊರಗಿ ಕೂತು ಸದ್ದಿಲ್ಲದೆ ಅತ್ತಳು. ಅಂದಿನಿಂದ ಸೊಸೆಯ ಜೊತೆ ಅವಳು ಮಾತು ಬಿಟ್ಟಳು.

ಟೀಚರ್ ಸಂಸ್ಥೆಗೆ ಫೋನ್ ಮಾಡಿದಳು. ಮೇಡಂ ಎಲ್ಲ ಕೇಳಿಕೊಂಡು, ಹೊಸದಾಗಿ ಅರ್ಜಿ ಹಾಕಿ, ನೀಲಕ್ಕನ ಒಪ್ಪಿಗೆ ನಾವೇ ಕೇಳಿ ಪರಿಶೀಲಿಸುತ್ತೇವೆ ಎಂದರು. ತಮ್ಮನ ಹೆಂಡತಿಗೆ ಓದು ಬರುತ್ತಿತ್ತು, ಬರೆದು ಅಭ್ಯಾಸವಿರಲಿಲ್ಲ. ಟೀಚರ್ ದಿನಾ ಸಂಜೆ ಅವಳನ್ನು ಕೂರಿಸಿಕೊಂಡು ಬರೆಸುತ್ತ ಕಲಿಸಿದಳು: ಎದುರಿನವರು ಮಾತು ಮುಗಿಸುವ ತನಕ ಹೇಗೆ ತಡೆದುಕೊಳ್ಳಬೇಕು, ತೊಟ್ಟಿ ಯಾಕೆ ಬೇಕು, ಶೆಡ್ಡು ಮುಚ್ಚಿದರೆ ಎಷ್ಟು ಮನೆಯ ಒಲೆ ಆರುತ್ತದೆ. ತಾನು ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಅವಳ ಕೈಗೆ ದಾಟಿಸಿದಳು. ಜೊತೆಗಾರರ ಬಗ್ಗೆ ಬರೆಯುವ ಜಾಗ ಬಂದಾಗ ತಮ್ಮನ ಹೆಂಡತಿ ಪೆನ್ನು ಹಿಡಿದು ಕೇಳಿದಳು:

“ನೀಲಕ್ಕ ಹೇಗೆ ಅತ್ತಿಗೆ? ನೀವು ಹೇಳಿ, ನಾನು ಬರಕೊಳ್ತೀನಿ.”

ಟೀಚರ್ ಹೇಳಲು ಹೊರಟಳು. ನೀಲಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಇಡುವುದು, ಸಾಲಿನಲ್ಲಿ ನಿಂತರೆ ಹಿಂದಿನವರನ್ನು ಮುಂದೆ ಬಿಡುವುದು, ಶಾಲೆಯಲ್ಲಿ ತನಗೆ ಬೀಳಬೇಕಿದ್ದ ಏಟಿಗೆ ಅವಳು ಅಂಗೈ ಚಾಚಿದ್ದು. ಒಂದೂ ಹೊರಬರುವ ಮೊದಲೇ ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ಸಾವಿನ ನಂತರ ಅವಳು ಮನಸಾರೆ ಅತ್ತದ್ದು ಅವತ್ತೇ. ತಮ್ಮನಿಗಾಗಿ ಎಷ್ಟು, ನೀಲಕ್ಕನಿಗಾಗಿ ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ತಮ್ಮನ ಹೆಂಡತಿ ಪೆನ್ನು ಕೆಳಗಿಟ್ಟು ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

ಹೊಸ ಅರ್ಜಿ ಒಪ್ಪಿಗೆಯಾಯಿತು. ಹೊರಡುವ ದಿನ ಬಸ್ ನಿಲ್ದಾಣಕ್ಕೆ ಟೀಚರ್ ಮಗುವನ್ನು ಎತ್ತಿಕೊಂಡು ಬಂದಳು. ನೀಲಕ್ಕ ಆಗಲೇ ಕಿಟಕಿಯ ಪಕ್ಕ ಕೂತಿದ್ದಳು. ತಮ್ಮನ ಹೆಂಡತಿ ಹತ್ತಿದಾಗ ಎದ್ದು ಕಿಟಕಿಯ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟಳು, ಮಗು ಕಾಣಲಿ ಎಂದು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಮಗು “ಅಮ್ಮ ಬಸ್ಸು, ಅಮ್ಮ ಬಸ್ಸು” ಎನ್ನುತ್ತಲೇ ಇತ್ತು.

ಅರ್ಧ ವರ್ಷ ಕಳೆದು ಇಬ್ಬರೂ ಮರಳಿದರು. ಮೇಲಿನ ಬೀದಿಯಲ್ಲೂ ಕೆಳಗಿನ ತೋಟಗಳಲ್ಲೂ ಒಟ್ಟಿಗೇ ತಿರುಗಿದರು. ಬೈಸಿಕೊಂಡರು, ಬಾಗಿಲು ಹಾಕಿಸಿಕೊಂಡರು, ಮತ್ತೆ ಹೋದರು. ಕೊನೆಗೂ ಶೆಡ್ಡುಗಳ ಹಿಂದೆ ತೊಟ್ಟಿ ಎದ್ದಿತು. ಕಾಲುವೆಯ ನೀರು ಪೂರ್ತಿ ತಿಳಿಯಾಗದಿದ್ದರೂ ಸೊಪ್ಪು ಸುಡುವುದು ನಿಂತಿತು. ಕೆಲವು ವರ್ಷಗಳ ಮೇಲೆ ನೀಲಕ್ಕನ ಗಂಡ ಜೈಲುಶಿಕ್ಷೆ ಮುಗಿಸಿ ಮನೆಗೆ ಬಂದ; ಯಾರ ಕಣ್ಣಿಗೂ ಬೀಳದಂತೆ ಶೆಡ್ಡಿನೊಳಗೇ ಉಳಿದ. ಅತ್ತೆ ಒಂದು ದಿನ ಸೊಸೆಯನ್ನು ಊಟಕ್ಕೆ ಕರೆದಳು. ಅಷ್ಟರಮಟ್ಟಿಗೆ ಆ ಮನೆಯಲ್ಲಿ ಮಾತು ಮರಳಿತು.

ಟೀಚರ್ ಒಮ್ಮೆ ಶಾಲೆಯಿಂದ ಬರುವಾಗ ಎದುರಿನಿಂದ ನೀಲಕ್ಕ ಬಂದಳು. ಬೀದಿ ಕಿರಿದು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಇಬ್ಬರೂ ನಿಂತರು.

“ಚೆನ್ನಾಗಿದೀಯಾ?” ಎಂದಳು ನೀಲಕ್ಕ.

“ಇದೀನಿ. ನೀನು?”

“ಇದೀನಿ.”

ನೀಲಕ್ಕ ನೀಲಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು, ಟೀಚರ್ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಹಿಂದಿನಿಂದ ಒಂದು ಸೈಕಲ್ ಬೆಲ್ ಹೊಡೆಯಿತು. ದಾರಿ ಬಿಡಲು ಒಬ್ಬಳು ಆ ಗೋಡೆಗೆ, ಒಬ್ಬಳು ಈ ಗೋಡೆಗೆ ಸರಿದರು. ಸೈಕಲ್ ಹೋದ ಮೇಲೆ ತಮ್ಮ ತಮ್ಮ ದಾರಿ ಹಿಡಿದರು.